ನೆಗಡಿಯಾದ ಚಕ್ರವಾಕ

ಹಕ್ಕಿಯ ಹಾಗೆ ಒಂದು ಸಲ ಕೂಗಿದರೆ ಯಾರಿಗೇನು ನಷ್ಟ ಎಂದು ಆಗ ನನಗೆ ಪ್ರಾಮಾಣಿಕವಾಗಿ ಅನಿಸಿತ್ತು. ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಚೀಲ ತೂಗಿಸುವುದು ನನ್ನ ಉದ್ಯೋಗವಾದರೂ ಊರಿಗೆ ನಾನು ಗೊತ್ತಿರುವುದು ಗಂಟಲಿನಿಂದ. ಸಿಟ್ಟು ಬರುವ ಮೊದಲು ನಮ್ಮ ಸಾಹುಕಾರರು ಕ್ಯಾಕರಿಸುವ ರೀತಿ, ಪೋತ್ನಾಳದ ನಮ್ಮ ಮಾವನವರು ಫೋನಿನಲ್ಲಿ ಇಡೀ ಓಣಿಗೆ ಕೇಳುವಂತೆ ಗುಟ್ಟು ಹೇಳುವ ರೀತಿ, ಹೆಂಡತಿಯ ಮುಂದೆ ನೆಪ ಹುಡುಕುವಾಗ ನಾನೇ ತೊದಲುವ ರೀತಿ, ಎಲ್ಲವೂ ನನ್ನ ಸಂಗ್ರಹದಲ್ಲಿವೆ.

ಹೆಂಡತಿ ರೇಣುಕಾ ಶಾಲೆಯ ಟೀಚರ್. ಅವಳಿಗೆ ಹಕ್ಕಿ ನೋಡುವ ಹುಚ್ಚು, ಅದೂ ಶಿಸ್ತಿನ ಹುಚ್ಚು. ತಾನೇ ಕಂಡ, ತಾನೇ ಕೇಳಿದ ಹಕ್ಕಿಗೆ ಮಾತ್ರ ಅವಳ ನೋಟ್‌ಬುಕ್ಕಿನಲ್ಲಿ ಪ್ರವೇಶ. ಮಾಳಿಗೆಯ ಮೇಲೆ ನಾನು ಕಂಡ ಗೂಬೆಯೊಂದನ್ನು ಸೇರಿಸಿಕೋ ಎಂದು ವಾರವಿಡೀ ಶಿಫಾರಸು ಮಾಡಿದರೂ ಗೂಬೆಗೆ ಜಾಗ ಸಿಗಲಿಲ್ಲ. ಮೂರು ಚಳಿಗಾಲದಿಂದ ಅವಳು ಕಾಯುತ್ತಿದ್ದದ್ದು ಚಕ್ರವಾಕಕ್ಕೆ. ದೂರದೇಶದಿಂದ ಚಳಿಗೆ ಬರುವ, ಕಿತ್ತಳೆ ಬಣ್ಣದ, ಯಾವಾಗಲೂ ಜೋಡಿಯಲ್ಲೇ ಇರುವ ಬಾತು ಅದು.

ನಮ್ಮ ದೊಡ್ಡವ್ವ ಇರುವುದು ದೇವದುರ್ಗದ ಆಚೆ, ಕೃಷ್ಣೆಯ ನಡುಗಡ್ಡೆಯಲ್ಲಿ. ಒಂದಿಷ್ಟು ಹೊಲ, ಎರಡು ಎಮ್ಮೆ, ಒಂದು ಹರಿಗೋಲು. ಮರಳ ದಿನ್ನೆಯ ಮೇಲೆ ಜೋಡಿ ಜೋಡಿ ಕೆಂಪು ಬಾತು ಬಂದಿವೆ ಎಂದು ಅವಳು ಫೋನ್ ಮಾಡಿದ್ದೇ ತಡ, ಮೂರು ದಿನದ ರಜೆ ಹಿಡಿದು ನಾವು ಹರಿಗೋಲು ಹತ್ತಿದೆವು.

ನಡುಗಡ್ಡೆಯಲ್ಲಿ ದೊಡ್ಡವ್ವನ ಸಂವಿಧಾನ ಜಾರಿಯಲ್ಲಿರುತ್ತದೆ. ಅದರ ಪ್ರಕಾರ ಹಕ್ಕಿ ನೋಡುವ ಹಕ್ಕು ಸಗಣಿ ಬಳಿದ ಮೇಲೆ. ನಾನು ಸಗಣಿ ಬಳಿದೆ, ನೀರು ಹೊತ್ತೆ, ಪಾತ್ರೆಗಳನ್ನು ಮರಳಿನಲ್ಲಿ ತಿಕ್ಕಿದೆ. ನಾನು ತಿಕ್ಕಿದ್ದನ್ನು ದೊಡ್ಡವ್ವ ಮತ್ತೆ ತಿಕ್ಕಿದಳು. ರೇಣುಕಾ ರೊಟ್ಟಿ ಬಡಿಯುವ ನಡುನಡುವೆ ದುರ್ಬೀನು ಹಿಡಿದು ಹೊಳೆ ನೋಡಿದಳು. ಮಿಂಚುಳ್ಳಿ ಬಂತು, ಕೊಕ್ಕರೆ ಬಂತು, ನೀರುಕಾಗೆ ಬಂದು ರೆಕ್ಕೆ ಒಣಗಿಸಿತು. ಚಕ್ರವಾಕ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಅಂದು ಸಂಜೆ ಅವಳು ನೋಟ್‌ಬುಕ್ಕನ್ನು ಚೀಲದ ತಳಕ್ಕೆ ಹಾಕಿದಳು. ಆ ಮುಖವನ್ನು ಅನುಕರಿಸಲು ನನ್ನಿಂದಾಗದು. ನೋಡಲೂ ಆಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನಾನು ಜೊಂಡಿನ ಹಿಂದೆ ಸೇರಿ, ಮೊಬೈಲಿನಲ್ಲಿ ಕೇಳಿ ಕಲಿತಿದ್ದ ಧ್ವನಿಯನ್ನು ಮೂಗಿನಿಂದ ಬಿಟ್ಟೆ. "ಆಂಗ್... ಆಂಗ್..."

ರೇಣುಕಾಳ ಕೈಯಿಂದ ಸೋಪು ಜಾರಿ ಕೃಷ್ಣಾರ್ಪಣವಾಯಿತು. ಒದ್ದೆ ಕೈಯಲ್ಲೇ ನೋಟ್‌ಬುಕ್ಕಿಗೆ ಓಡಿದಳು. ನಾನು ಸುತ್ತು ಹಾಕಿ ಬಂದು, ಏನೂ ಅರಿಯದ ಮುಖ ಮಾಡಿಕೊಂಡು ಬಗ್ಗಿ ನೋಡಿದೆ. ಅವಳು ಬರೆದಿದ್ದಳು: "ಚಕ್ರವಾಕ. ಒಂದು. ಧ್ವನಿ ಮಾತ್ರ. ನೆಗಡಿಯಾದಂತಿದೆ."

ವಿಮರ್ಶೆ ಸ್ವಲ್ಪ ಚುಚ್ಚಿತು. ಆದರೆ ಅವಳ ಕಣ್ಣುಗಳು ತುಂಬಿದ್ದವು. ಜಗತ್ತಿನಲ್ಲಿ ನನ್ನಂಥ ಗಂಡನಿಲ್ಲ ಎಂದುಕೊಂಡೆ. ಅದು ನಿಜವೇ ಆಗಿತ್ತು.

ಸಂತೋಷ ಹತ್ತು ನಿಮಿಷ ಬಾಳಿತು. ಆಮೇಲೆ ಅವಳು ಕೇಳಿದಳು, "ಒಂದ ಕೂಗ್ತಲ್ರೀ, ಅದರ ಜೋಡಿ ಎಲ್ಲಿ ಹೋತು?"

ಇದನ್ನು ನಾನು ಯೋಚಿಸಿರಲಿಲ್ಲ. ಬಲೆಗೆ ಬಿದ್ದಿರಬಹುದೇ, ನಾಯಿ ಹಿಡಿದಿರಬಹುದೇ, ಅಷ್ಟು ದೂರದಿಂದ ಜೊತೆಯಾಗಿ ಬಂದು ಇಲ್ಲಿ ಒಂಟಿಯಾಯಿತೇ ಎಂದು ಅವಳು ಮರುಗುತ್ತಲೇ ಹೋದಳು. ಎರಡು ತಾಸಾದರೂ ಕಣ್ಣೊರೆಸುವುದು ನಿಲ್ಲಲಿಲ್ಲ. ಆಗ ಬುದ್ಧಿವಂತನಾದವನು ಸತ್ಯ ಹೇಳುತ್ತಿದ್ದ. ನಾನು ನಡುಗಡ್ಡೆಯ ಇನ್ನೊಂದು ತುದಿಗೆ ಓಡಿ, ಮರಳ ದಿನ್ನೆಯ ಕಡೆಯಿಂದ ಬಂದಂತೆ ಹೆಣ್ಣು ಹಕ್ಕಿಯ ಧ್ವನಿಯಲ್ಲಿ ಉತ್ತರ ಕೊಟ್ಟೆ!

ಮರಳಿ ಬರುವಷ್ಟರಲ್ಲಿ ರೇಣುಕಾ ಹರಿಗೋಲಿನಲ್ಲಿ ಕುಳಿತಿದ್ದಳು. ಜೋಡಿ ಬದುಕಿದೆ, ಆದರೆ ದಿನ್ನೆಯ ಮೇಲೆ ಸಿಕ್ಕಿಬಿದ್ದಿದೆ, ಹೋಗಿ ನೋಡಲೇಬೇಕು ಎಂದಳು. ಹರಿಗೋಲು ನಡೆಸಬೇಕಾದ ದೊಡ್ಡವ್ವ ಎಮ್ಮೆ ಮೈ ತೊಳೆಯುತ್ತಿದ್ದಳು. ಹೋಗುವುದಾದರೆ ಬಟ್ಟೆಯನ್ನೂ ಅಲ್ಲೇ ಬಿಸಿ ಮರಳಿನ ಮೇಲೆ ಒಣಗಿಸೋಣವೆಂದು ಒದ್ದೆ ಗಂಟು ಏರಿಸಿ, ನಾನೇ ನಾವಿಕನಾದೆ.

ಗಾಳಿ ಬೆನ್ನಿಗಿತ್ತು. ಹುಟ್ಟು ಹಾಕಿ ಬೆವರುವುದೇಕೆ, ಹಾಯಿ ಕಟ್ಟಿದರೆ ತಾನೇ ಹೋಗುತ್ತದೆ ಎಂಬ ವಿಚಾರ ಹೊಳೆಯಿತು. ಗಂಟಿನಿಂದ ದೊಡ್ಡವ್ವನ ಸೀರೆ ತೆಗೆದೆ. ಹಾಯಿಗೆ ಕಂಬ ಬೇಕಲ್ಲ, ಹುಟ್ಟಿಗೇ ಕಟ್ಟಿ ಎತ್ತಿ ಹಿಡಿದೆ. ಇನ್ನು ಹುಟ್ಟು ಹಾಕುವುದು ಯಾವುದರಿಂದ ಎಂಬ ಪ್ರಶ್ನೆ ಹೊಳೆಯ ನಡುವೆ ಎದ್ದಿತು.

ಹರಿಗೋಲು ದುಂಡಗಿರುತ್ತದೆ. ಇದು ಹುಟ್ಟಿದಾಗಿನಿಂದ ನನಗೆ ಗೊತ್ತು. ದುಂಡಗಿನದಕ್ಕೆ ಹಾಯಿ ಕಟ್ಟಿದರೆ ಅದು ಮುಂದೆ ಹೋಗದೆ ಗಿರಗಿರ ತಿರುಗುತ್ತದೆ ಎಂಬುದು ಅಂದು ಗೊತ್ತಾಯಿತು. ರೇಣುಕಾ ದುರ್ಬೀನಿನಲ್ಲಿ ಒಂದೇ ನಿಮಿಷದಲ್ಲಿ ದಿನ್ನೆ, ಗುಡಿಸಲು, ಎಮ್ಮೆ, ದಿನ್ನೆ, ಗುಡಿಸಲು, ಎಮ್ಮೆ ನೋಡಿದಳು. ಒದ್ದೆ ಸೀರೆ ನನ್ನ ತಲೆಗೆ ಸುತ್ತಿಕೊಂಡಿತು. ಕೊನೆಗೆ ಹರಿಗೋಲು ಯಾವುದೋ ಬಂಡೆಯ ಮೇಲೆ ಕುಳಿತು, ಏಳುವುದಿಲ್ಲವೆಂದಿತು. ಕಾಪಾಡಿ ಎಂದು ನಾನು ಕೂಗಿದ್ದು ಮಾತ್ರ ಯಾರ ಅನುಕರಣೆಯೂ ಆಗಿರಲಿಲ್ಲ.

ದೊಡ್ಡವ್ವ ಬಂದಳು. ನಡೆದುಕೊಂಡು. ನೀರು ಮೊಳಕಾಲುದ್ದವಿತ್ತು. ತಲೆಯ ಮೇಲೆ ರೊಟ್ಟಿ ಗಂಟು, ಕೈಯಲ್ಲಿ ಒಂದು ಜೊತೆ ಚಪ್ಪಲಿ.

"ಯವ್ವಾ ರೇಣವ್ವ," ಎಂದಳು ಚಪ್ಪಲಿ ತೋರಿಸಿ, "ಮುಂಜಾನಿಂದ ಜೊಂಡಿನಾಗ ಒಂದು ಹಕ್ಕಿ ಕೂಗಾಕತ್ತಿತ್ತಲ್ಲ, ಇವನ್ನ ಬಿಟ್ಟು ಹಾರ್ಯದ ನೋಡು."

ರೇಣುಕಾ ಚಪ್ಪಲಿ ನೋಡಿದಳು. ನನ್ನ ಬರಿಗಾಲು ನೋಡಿದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ನನ್ನದೇ ಧ್ವನಿಯಲ್ಲಿ ಮಾತಾಡಿ ಬಹಳ ದಿನವಾಗಿತ್ತೇನೋ, ಸರಿಯಾಗಿ ಹೊರಡಲಿಲ್ಲ. ಅವಳು ನೋಟ್‌ಬುಕ್ ತೆಗೆದು ಬೆಳಗಿನ ಆ ಸಾಲನ್ನು ಹೊಡೆದು ಹಾಕಿದಳು.

"ನಿನಗ ಖುಷಿ ಆಗ್ಲಿ ಅಂತ..." ಎಂದೆ.

"ಖುಷಿ ಆಗಿತ್ರೀ," ಎಂದಳು. "ಅದಕ್ಕ ಸಿಟ್ಟು ಬಂದದ. ಇನ್ನ ಮ್ಯಾಲ ಖರೇ ಹಕ್ಕಿ ಕೂಗಿದ್ರೂ ನಾ ಹೆಂಗ ನಂಬ್ಲಿ?"

ನಾನು ತಲೆಯ ಮೇಲಿನ ಸೀರೆ ಬಿಚ್ಚಿ ಹಿಂಡಿದೆ. ದೊಡ್ಡವ್ವ ರೊಟ್ಟಿ ಗಂಟು ಬಿಚ್ಚಿದಳು. ಬಂಡೆಯ ಮೇಲಿನ ಹರಿಗೋಲಿನಲ್ಲಿ ಮೂವರೂ ಊಟಕ್ಕೆ ಕುಳಿತೆವು. ರೊಟ್ಟಿ ಅರ್ಧವಾಗಿರಬೇಕು, ದಿನ್ನೆಯ ಆಚೆಯಿಂದ ಕೇಳಿಸಿತು.

"ಆಂಗ್."

ಇಬ್ಬರೂ ನನ್ನ ಕಡೆ ತಿರುಗಿದರು. ನಾನಲ್ಲ ಎಂದು ಜೋರಾಗಿ ತಲೆಯಾಡಿಸಿದೆ.

"ಬಾಯಿ ತೆಗೀರಿ," ಎಂದಳು ರೇಣುಕಾ.

ತೆಗೆದೆ. ಒಳಗೆ ರೊಟ್ಟಿ, ಶೇಂಗಾ ಚಟ್ನಿ. ಅವಳು ಪರೀಕ್ಷಿಸಿ, ಸಾಲದೆಂದು ಇನ್ನೊಂದು ದೊಡ್ಡ ತುಂಡು ತುರುಕಿ, ಮೇಲೆ ಅಂಗೈ ಒತ್ತಿ ಹಿಡಿದಳು. ಹೊಳೆಯ ಮೇಲೆ ಮತ್ತೆ "ಆಂಗ್... ಆಂಗ್..." ಈ ಸಲ ಎರಡು ಧ್ವನಿ. ಎರಡಕ್ಕೂ ನೆಗಡಿ ಇರಲಿಲ್ಲ. ಬಿಸಿಲಿನಲ್ಲಿ ಕಿತ್ತಳೆ ಬಣ್ಣದ ಎರಡು ಹಕ್ಕಿ ನಮ್ಮ ತಲೆಯ ಮೇಲಿಂದ ಹಾರಿ ದಿನ್ನೆಯ ತುದಿಯಲ್ಲಿ ಇಳಿದವು, ಒಂದರ ಪಕ್ಕ ಒಂದು.

ಅವಳ ಅಂಗೈ ಬಹಳ ಹೊತ್ತು ನನ್ನ ಬಾಯಿಯ ಮೇಲೆಯೇ ಇತ್ತು. ಉಸಿರು ಕಟ್ಟುತ್ತಿದ್ದರೂ ತೆಗೆ ಎನ್ನಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ಅವಳು ದುಂಡಗಿನ ಅಕ್ಷರದಲ್ಲಿ ಬರೆದಳು: "ಚಕ್ರವಾಕ. ಎರಡು. ಕಂಡೆ, ಕೇಳಿದೆ. ಆ ಸಮಯದಲ್ಲಿ ಗಂಡನ ಬಾಯಿ ತುಂಬ ರೊಟ್ಟಿ ಇತ್ತು."

ನನ್ನ ಕಲೆಯ ಕುರಿತು ಇದುವರೆಗೆ ಬರವಣಿಗೆಯಲ್ಲಿ ಸಿಕ್ಕ ಪ್ರಮಾಣಪತ್ರ ಅದೊಂದೇ.