ಒಂದು ಬಾಗಿಲು, ಹದಿನಾಲ್ಕು ಬೋರ್ಡು

ಒಂದೇ ಬಾಯಲ್ಲಿ ಹದಿನಾಲ್ಕು ಕಂಪನಿಗಳ ಹೆಸರು ಹೇಳಿ ಸಂಬಳ ತೆಗೆದುಕೊಳ್ಳುವವಳ ಬದುಕಿನಲ್ಲಿ ಇಂಥ ಪ್ರಸಂಗಗಳು ನಡೆಯದಿದ್ದರೇ ಆಶ್ಚರ್ಯ. ವೈಟ್‌ಫೀಲ್ಡ್ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಹೂಡಿಯ ಒಂದು ಮನೆಯ ಮಹಡಿ ಮೇಲಿನ ಕೋಣೆ ನಮ್ಮ ಆಫೀಸು. ಸ್ವಂತ ಆಫೀಸು ಇಟ್ಟುಕೊಳ್ಳಲಾಗದ ಸಣ್ಣ ಕಂಪನಿಗಳ ಪರವಾಗಿ ಫೋನ್ ಎತ್ತುವುದು, ಬೇಕಾದಾಗ ಕೋಣೆ ಕೊಡುವುದು ನಮ್ಮ ವ್ಯಾಪಾರ. ಯಾವ ಕಂಪನಿಗೆ ಕರೆ ಬಂತೆಂದು ಫೋನಿನ ಮೇಲೆ ಹೆಸರು ಮೂಡುತ್ತಿತ್ತು. ಅದನ್ನು ನೋಡಿ ನಾನು ಆ ಕಂಪನಿಯವಳಾಗಬೇಕು. ಜಂಬ ಅಂದುಕೊಂಡರೂ ಸರಿ, ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ.

ಎಲ್ಲರೂ ಒಂದೇ ಮನೆಯವರು

ನಮ್ಮ ಗ್ರಾಹಕರಲ್ಲಿ ಪೀಣ್ಯದ ಲೇತ್ ಯಜಮಾನರೊಬ್ಬರಿದ್ದರು. ಬಾಗಲಗುಂಟೆಯಲ್ಲಿ ಮನೆ, ಪೀಣ್ಯದಲ್ಲಿ ಒಂದು ಶೆಡ್ಡು, ಅದರಲ್ಲಿ ಲೋಹದ ಬಿಡಿಭಾಗ ಕಡೆಯುವ ಒಂದೇ ಲೇತು. ಮಾಲೀಕ, ಮ್ಯಾನೇಜರ್, ಕೆಲಸಗಾರ ಎಲ್ಲ ಅವರೇ. ಯಂತ್ರದ ಸದ್ದಿನಲ್ಲಿ ಫೋನ್ ಕೇಳಿಸದೆ ಎಷ್ಟೋ ಆರ್ಡರು ಕೈತಪ್ಪಿದ್ದಕ್ಕೆ ನಮ್ಮ ಬಳಿ ಬಂದವರು. "ಮೇಡಂ, ತಿಂಗಳು ತಿಂಗಳೂ ಕೆಲ್ಸ ಕೊಡೋ ಒಂದು ಪಾರ್ಟಿ ಸಿಕ್ಬಿಟ್ರೆ ಸಾಕು, ನಾನು ಗೆದ್ದೆ. ಆದ್ರೆ ಫೋನ್ ಬಂದ ತಕ್ಷಣ ನಂಗೆ ಕೊಡ್ಬೇಡಿ, ಸ್ವಲ್ಪ ಕಾಯ್ಸಿ. ಬೇಗ ಸಿಕ್ಬಿಟ್ರೆ ಚಿಕ್ಕ ಕಂಪನಿ ಅಂದ್ಕೊಳ್ತಾರೆ" ಎಂದು ಪಾಠ ಹೇಳಿದ್ದರು.

ಒಂದು ದಿನ ಒಬ್ಬರು ಪ್ರೊಡಕ್ಷನ್ ಮ್ಯಾನೇಜರ್ ಬೇಕು ಅಂದರು. ಕಾಯಿಸಿ ಲೇತಿನವರಿಗೆ ಕೊಟ್ಟೆ. ಆಮೇಲೆ ಕ್ವಾಲಿಟಿಯವರು ಬೇಕು ಅಂದರು. ಮತ್ತೆ ಕಾಯಿಸಿ ಅವರಿಗೇ ಕೊಟ್ಟೆ. ಮೂರನೆಯ ಸಲ ಮಾಲು ಕಳಿಸುವ ಡಿಸ್‌ಪ್ಯಾಚಿನವರನ್ನು ಕೇಳಿದರು, ಅದೂ ಆಯಿತು. ಕೊನೆಗೆ ಆ ಮನುಷ್ಯ ನನ್ನನ್ನೇ ಹಿಡಿದುಕೊಂಡರು.

"ಏನ್ ಮೇಡಂ, ನಿಮ್ಮ ಕಂಪನೀಲಿ ಮೂರು ಜನಕ್ಕೂ ಒಂದೇ ಕೆಮ್ಮು?"

ನಾನು ಒಂದು ಕ್ಷಣವೂ ತಡವರಿಸಲಿಲ್ಲ. "ಹೌದು ಸಾರ್, ಎಲ್ಲರೂ ಒಂದೇ ಮನೆಯವರು. ಹೋದ ವಾರದಿಂದ ಮನೇಲಿ ಎಲ್ರಿಗೂ ಕೆಮ್ಮು" ಅಂದೆ.

ನಾಮಕರಣ

ಆದರೆ ನಾನೂ ಎಡವಿದ್ದುಂಟು. ಅಡುಗೆ ಕಾಂಟ್ರಾಕ್ಟರರೂ ಜಿರಳೆಗೆ ಔಷಧಿ ಹೊಡೆಯುವವರೂ ನಮ್ಮ ಗ್ರಾಹಕರೇ. ಒಮ್ಮೆ ಅವಸರದಲ್ಲಿ ಫೋನಿನ ಮೇಲಿನ ಹೆಸರು ಸರಿಯಾಗಿ ನೋಡದೆ ಎತ್ತಿಬಿಟ್ಟೆ. ಆ ಕಡೆಯವರು, "ಭಾನುವಾರ ಮನೇಲಿ ಕಾರ್ಯಕ್ರಮ ಇದೆ, ಬರ್ತೀರಾ?" ಅಂದರು. ಕಾರ್ಯಕ್ರಮಕ್ಕೆ ಮುಂಚೆ ಜಿರಳೆಗೆ ಔಷಧಿ ಹೊಡೆಸುತ್ತಾರೆ ಅಂದುಕೊಂಡು ನಾನು ಗತ್ತಿನಿಂದ ಶುರುಮಾಡಿದೆ.

"ಖಂಡಿತ ಬರ್ತಾರೆ ಸಾರ್. ಅಡುಗೆಮನೆ ಒಂದೇ ಗಂಟೇಲಿ ಮುಗಿಸ್ತಾರೆ. ವಾಸನೆನೂ ಬರಲ್ಲ. ಆದ್ರೆ ಚಿಕ್ಕ ಮಗು ಇದ್ರೆ ಆವತ್ತು ಪೂರ್ತಿ ಮನೆಯಿಂದ ಆಚೆ ಇಟ್ಟಿರ್ಬೇಕು."

"ಮಗೂನ ಆಚೆ ಇಟ್ಟು ಇನ್ಯಾರಿಗ್ರೀ ನಾಮಕರಣ ಮಾಡೋದು?"

ಅಜ್ಜಿಯ ಚಿಂತೆ

ಗ್ರಾಹಕರು ಯಾರನ್ನಾದರೂ ಕರೆತರುವ ದಿನ ಬಾಗಿಲಿಗೆ ಅವರ ಕಂಪನಿಯ ಬೋರ್ಡು ನೇತುಹಾಕುವುದು ನಮ್ಮ ಪದ್ಧತಿ. ಹದಿನಾಲ್ಕು ಬೋರ್ಡು ಬೀರುವಿನಲ್ಲಿ, ಒಂದು ಮೊಳೆ ಬಾಗಿಲಲ್ಲಿ. ಕೆಳಗೆ ಮನೆ ಮಾಲೀಕರ ತಾಯಿ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಾ ಇದನ್ನೆಲ್ಲ ನೋಡುತ್ತಿದ್ದರು. ಅಜ್ಜಿಗೆ ಓದು ಬಾರದು, ಆದರೆ ಬೋರ್ಡಿನ ಬಣ್ಣ ಬದಲಾಗುವುದು ಕಾಣುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು.

"ಅಲ್ಲ ಕಣವ್ವ, ಬೆಳಿಗ್ಗೆ ಒಂದು ಕಂಪ್ನಿ, ಮದ್ಯಾನ ಒಂದು ಕಂಪ್ನಿ. ಇಂಗೆ ಎಲ್ಲೂ ನಿಲ್ದೆ ಇದ್ರೆ ನಾಳೆ ಗಂಡಿನ ಕಡೆಯೋರು ಏನಂದ್ಕತಾರೆ?"

ನಾನು ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದೆ. ಅಜ್ಜಿಗೆ ಬಹಳ ಹಿಡಿಸಿತು. ಅಂದಿನಿಂದ ಬೋರ್ಡು ಬದಲಿಸುವ ಕೆಲಸ ತಾವೇ ವಹಿಸಿಕೊಂಡರು. ಬಣ್ಣ ಮತ್ತು ಹೊತ್ತು ಹೇಳಿದರೆ ಸಾಕು, ಒಂದು ನಿಮಿಷ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಹೀಗೆ ಸಂಬಳವಿಲ್ಲದ ಮ್ಯಾನೇಜರ್ ಒಬ್ಬರು ನಮ್ಮ ಆಫೀಸಿಗೆ ಸಿಕ್ಕರು.

ಹನ್ನೊಂದು ಮತ್ತು ಹನ್ನೆರಡು

ಕೊನೆಗೂ ಲೇತ್ ಯಜಮಾನರಿಗೆ ಒಂದು ಪಾರ್ಟಿ ಕುದುರಿತು. ಯಾವುದೋ ಯಂತ್ರಗಳ ಪ್ರದರ್ಶನದಲ್ಲಿ ಪರಿಚಯವಾದವರಂತೆ. ತಿಂಗಳು ತಿಂಗಳೂ ಬಿಡಿಭಾಗ ಬೇಕಂತೆ, ಆದರೆ ಮೊದಲು ಆಫೀಸು ನೋಡಬೇಕಂತೆ. "ಮೇಡಂ, ಇದು ಕೈತಪ್ಪಿದ್ರೆ ಶೆಡ್ಡಿಗೆ ಬೀಗ ಹಾಕಿ ಯಾರದೋ ಕೈಕೆಳಗೆ ಕೆಲಸಕ್ಕೆ ಹೋಗ್ಬೇಕು. ಮಾನ ಉಳಿಸಿ" ಅಂದರು.  ಅವರಿಗೆ ಧೈರ್ಯ ಹೇಳಿ, ಮಂಗಳವಾರ ಹನ್ನೊಂದಕ್ಕೆ ಕೋಣೆ ಬರೆದುಕೊಂಡೆ. ಅದೇ ದಿನ ಹನ್ನೆರಡಕ್ಕೆ ನಮ್ಮ ಇನ್ನೊಬ್ಬ ಗ್ರಾಹಕರು, ಕಾಡುಗೋಡಿಯ ಪ್ಯಾಕಿಂಗ್ ಮೆಷಿನ್ ತಯಾರಿಸುವವರು, ಕೋಣೆ ಕೇಳಿದ್ದರು. ಅಜ್ಜಿಗೆ ಹೇಳಿದೆ: ಹನ್ನೊಂದಕ್ಕೆ ನೀಲಿ, ಹನ್ನೆರಡಕ್ಕೆ ಕೆಂಪು.

ಮಂಗಳವಾರ ಲೇತ್ ಯಜಮಾನರು ಇಸ್ತ್ರಿ ಅಂಗಿ ತೊಟ್ಟು ಮಾಲೀಕರ ಕುರ್ಚಿಯಲ್ಲಿ ಕೂತರು. ಸರಿಯಾಗಿ ಹನ್ನೊಂದಕ್ಕೆ, ವಿಳಾಸ ಹೇಳದೆ ಅವರು ಕಳಿಸಿದ್ದ ಆಟೋದಲ್ಲಿ ಬಂದಿಳಿದ ಪಾರ್ಟಿ ಮೆಟ್ಟಿಲು ಹತ್ತಿ ಬಂದರು. ನೋಡಿದರೆ ಅದೇ ಕಾಡುಗೋಡಿಯವರು!

ಅವರು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. "ನೀವಾ?" ಅಂದರೆ ಇಬ್ಬರ ಗುಟ್ಟೂ ಬಯಲು. ಗುರುತೇ ಇಲ್ಲದವಳಂತೆ, "ಬನ್ನಿ ಸಾರ್, ಇದೇ ಮೊದಲ ಸಲ ಬರ್ತಿದ್ದೀರಲ್ವಾ?" ಅಂದೆ.

"ಹೌದು ಮೇಡಂ, ಇದೇ ಮೊದಲು" ಎಂದು ಕಾಡುಗೋಡಿಯವರು ಹೇಳಿ, ಸೀದಾ ಹೋಗಿ ಬೀರುವಿನ ಹಿಂದೆ ಇದ್ದ ಫ್ಯಾನಿನ ಸ್ವಿಚ್ಚು ಹಾಕಿದರು. ಲೇತ್ ಯಜಮಾನರು ಕಣ್ಣರಳಿಸಿದರು. ನಾನು ಬೇಗನೆ ಕುರ್ಚಿ ಎಳೆದು ಕಾಡುಗೋಡಿಯವರನ್ನು ಕೂರಿಸಿದೆ.

ಮಾತು ಸಲೀಸಾಗಿ ಸಾಗಿತು. ಸ್ಯಾಂಪಲ್ ತೋರಿಸಿದ್ದಾಯಿತು, ಮೆಚ್ಚಿದ್ದಾಯಿತು. ಲೇತ್ ಯಜಮಾನರು ಸಂಭ್ರಮದಲ್ಲಿ, "ಹಾಗಾದ್ರೆ ಆರ್ಡರಿಗೆ ಸಹಿ ಹಾಕೋಕೆ ಹನ್ನೆರಡಕ್ಕೆ ನಿಮ್ಮ ಆಫೀಸಿಗೆ ಬನ್ನಿ ಅಂದಿದ್ರಲ್ಲ, ಹೊರಡೋಣ್ವಾ? ದೂರಾನಾ ಸಾರ್?" ಅಂದರು.

"ಅಷ್ಟೇನೂ ದೂರ ಇಲ್ಲ..." ಕಾಡುಗೋಡಿಯವರ ಹಣೆ ಬೆವರಿತು. ನಾನು ಅಜ್ಜಿಯನ್ನು ತಡೆಯಲು ಬಾಗಿಲಿಗೆ ಓಡುವಷ್ಟರಲ್ಲಿ ಕೆಳಗಿನ ಮನೆಯ ಗಡಿಯಾರ ಹನ್ನೆರಡು ಹೊಡೆಯಿತು. ಅಜ್ಜಿ ನೀಲಿ ಬೋರ್ಡು ತೆಗೆದು, ಕೆಂಪು ಬೋರ್ಡು ಸಿಕ್ಕಿಸಿ, ಒಳಗೆ ತಲೆಹಾಕಿದರು.

"ಅನ್ನೆರಡಾಯ್ತಪ್ಪ. ಈಗ ಇದು ಅವ್ರ ಆಪೀಸು. ನೀನು ಎದ್ದು ಈ ಕಡೆ ಬಾ, ಅವ್ರು ಆ ಕಡೆ ಕೂತ್ಕಳ್ಲಿ!"

 ಲೇತ್ ಯಜಮಾನರ ಮುಖ ಬಿಳಿಚಿತು. ಅಷ್ಟರಲ್ಲಿ ಕಾಡುಗೋಡಿಯವರು ಬಿದ್ದು ಬಿದ್ದು ನಗಲು ಶುರುಮಾಡಿದರು. ಎದ್ದು ಹೋಗಿ ಮಾಲೀಕರ ಕುರ್ಚಿಯ ಪಕ್ಕ ನಿಂತು ಕೈಚಾಚಿದರು. "ಬನ್ನಿ ಸಾರ್, ನಮ್ಮ ಆಫೀಸಿಗೆ ಬನ್ನಿ!"

ಇಬ್ಬರೂ ಕುರ್ಚಿ ಬದಲಿಸಿಕೊಂಡು ಕೂತರು. ಆರ್ಡರಿಗೆ ಸಹಿ ಬಿತ್ತು. ಕಾಗದ ಜೇಬಿಗೆ ಸೇರಿದ ಮೇಲೆ ಲೇತ್ ಯಜಮಾನರಿಗೆ ಧೈರ್ಯ ಬಂತು. "ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮ ಕಂಪನೀಲಿ ಎಷ್ಟು ಜನ?"

"ನಿಮ್ಮಲ್ಲಿ ಎಷ್ಟೋ ಅಷ್ಟೇ ಕಣ್ರೀ. ಈ ಮೇಡಂ ಸೇರಿ ಇಬ್ರು."