ಅಂಗೈಗೆ ಬಂದು ಕುಳಿತ ತುರಿಕೆಯವರಿಗೆ

ಮಾನ್ಯರಾದ ತುರಿಕೆಯವರೇ,

ದೆಹಲಿಯ ರೋಹಿಣಿ ಬಡಾವಣೆಯ ಮೂರನೇ ಮಹಡಿಯ ಪುಟ್ಟ ಮನೆಯಿಂದ ತಮಗೆ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು, ಈ ಸಾಲು ಬರೆಯುವಾಗಲೇ ಪೆನ್ನು ಕೆಳಗಿಟ್ಟು ತಮ್ಮ ಕ್ಷೇಮವನ್ನು ಖುದ್ದಾಗಿ ವಿಚಾರಿಸಿಕೊಂಡಿದ್ದೇನೆ. ನಾನು ಶಾಲೆಯಲ್ಲಿ ಹಿಂದಿ ಓದಿ, ಮನೆಯಲ್ಲಿ ಅಮ್ಮನಿಂದ ಕನ್ನಡ ಬರೆಯಲು ಕಲಿತವಳು. ದಿನಚರಿ ಬಿಟ್ಟು ಬೇರೇನೂ ಬರೆದು ಗೊತ್ತಿಲ್ಲ. ತಮ್ಮ ಪದವಿಗೆ ತಕ್ಕ ಒಕ್ಕಣೆ ಇಲ್ಲದಿದ್ದರೆ ಮನ್ನಿಸಬೇಕು.

ನನಗೆ ಏಳು ತಿಂಗಳು ತುಂಬಿದಾಗ ತಾವು ನನ್ನ ಹೊಟ್ಟೆಯ ಮೇಲೆ, ಚರ್ಮ ಬಿರಿದ ಗೆರೆಗಳ ಉದ್ದಕ್ಕೂ, ಕೆಂಪು ಗುಳ್ಳೆಗಳ ಪರಿವಾರದೊಂದಿಗೆ ಅಧಿಕಾರ ವಹಿಸಿಕೊಂಡಿರಿ. ಕೂಲರ್ ಕೂಡ ಬಿಸಿಗಾಳಿ ಊದುವ ದೆಹಲಿಯ ಬೇಸಿಗೆಯಲ್ಲಿ, ಊಟದ ವಿರಾಮವಿಲ್ಲದೆ, ಭಾನುವಾರದ ರಜೆಯಿಲ್ಲದೆ ತಾವು ಕೆಲಸ ಮಾಡಿದ ರೀತಿಯನ್ನು ಈ ಊರಿನ ಯಾವ ಕಚೇರಿಯಲ್ಲೂ ನಾನು ಕಂಡಿಲ್ಲ. ಮೆಟ್ರೋದ ಮಹಿಳಾ ಬೋಗಿಯಲ್ಲಿ ಒಬ್ಬರು ಎದ್ದು ಸೀಟು ಕೊಟ್ಟರು, ಆಮೇಲೆ ಅಕ್ಕಪಕ್ಕದ ಇಬ್ಬರೂ ಎದ್ದುಹೋದರು. ಮೊದಲನೆಯದು ಬಸುರಿಗೆ ಸಂದ ಗೌರವ, ಉಳಿದೆರಡು ತಮಗೇ ಸಲ್ಲಬೇಕು.

ನನ್ನ ಗಂಡ ದೀಕ್ಷಿತ್ ಕರೋಲ್ ಬಾಗಿನಲ್ಲಿ ಮಾವ ಕಟ್ಟಿದ ದೋಸೆ ಹೋಟೆಲನ್ನು ನೋಡಿಕೊಳ್ಳುತ್ತಾರೆ. ದೆಹಲಿಯಲ್ಲೇ ಹುಟ್ಟಿದ ಅವರ ಕನ್ನಡವೆಲ್ಲ ಹೋಟೆಲಿನ ಅಡುಗೆಮನೆಯದು. ನಾನು ಫೋನ್ ಮಾಡಿ ಅಳು ಬರುವ ದನಿಯಲ್ಲಿ “ರೀ, ತುರಿ ತುಂಬಾ ಜಾಸ್ತಿಯಾಗಿದೆ” ಎಂದರೆ, ಅವರು “ಅಚ್ಛಾ, ಉಳಿದದ್ದನ್ನು ಫ್ರಿಜ್ಜಿನಲ್ಲಿಡು, ನಾಳೆ ಚಟ್ನಿಗೆ ಆಗ್ತದೆ” ಎಂದು ಫೋನ್ ಇಟ್ಟುಬಿಟ್ಟರು. ತುರಿದ ತೆಂಗಿನಕಾಯಿಗೂ ತಮಗೂ ಒಂದೇ ಹೆಸರು ಕೊಟ್ಟ ನಮ್ಮ ಭಾಷೆಯ ಮೇಲೆ ಬೇರೆಯೇ ದೂರು ಬರೆಯಬೇಕಾಗಿದೆ. ಸಂಜೆ ಅವರು ಮನೆಗೆ ಬಂದು ನನ್ನ ಹೊಟ್ಟೆ ನೋಡಿ ಪೆಚ್ಚಾಗಿ, ಓಡಿಹೋಗಿ ಕ್ಯಾಲಮೈನ್ ಲೋಷನ್ ತಂದು ಬಳಿದರು. ತಣ್ಣೀರ ಬಟ್ಟೆ, ಸಡಿಲವಾದ ಹತ್ತಿ ನೈಟಿ, ಕೊಬ್ಬರಿ ಎಣ್ಣೆ ಎಲ್ಲವನ್ನೂ ತಾವು ಸನ್ಮಾನದ ಹಾರಗಳಂತೆ ಸ್ವೀಕರಿಸಿ, ಕುರ್ಚಿ ಮಾತ್ರ ಬಿಡಲಿಲ್ಲ. ಬೆನ್ನಿನ ನಡುಭಾಗಕ್ಕೆ ಪ್ರವಾಸ ಹೋಗುವ ಮುನ್ನ ತಿಳಿಸಿ, ಕೈ ಎಟುಕುವ ಕಡೆ ಮಾತ್ರ ಬಿಡಾರ ಹೂಡಿ ಎಂಬ ನನ್ನ ಮನವಿಗೂ ಉತ್ತರ ಬರಲಿಲ್ಲ.

ತಮ್ಮ ಜನಪ್ರಿಯತೆಯನ್ನು ಹೇಳದಿದ್ದರೆ ಅನ್ಯಾಯವಾದೀತು. “ಹೊಟ್ಟೆ ತುರಿಸುವುದು ಅಂದ್ರೆ ಮಗುವಿಗೆ ಕೂದಲು ಬರ್ತಾ ಉಂಟು ಮಾರಾಯ್ತಿ” ಎಂದು ಅತ್ತೆ ಹಿಗ್ಗಿದರು. ಕೆಲವು ವಾರಗಳಲ್ಲಿ ಗುಳ್ಳೆಗಳು ಬಾಡಿದವು. ಆದರೆ ತಾವು ನಿವೃತ್ತರಾಗದೆ, ಒಂದು ಗುಳ್ಳೆಯನ್ನೂ ಜೊತೆಗೆ ಕರೆದೊಯ್ಯದೆ, ನನ್ನ ಅಂಗೈ ಅಂಗಾಲುಗಳಿಗೆ ವರ್ಗ ಮಾಡಿಸಿಕೊಂಡಿರಿ. ಅಂಗೈ ತುರಿಸಿದರೆ ದುಡ್ಡು ಬರುತ್ತದಂತೆ, ಪಕ್ಕದ ಮನೆಯ ಆಂಟಿ “ಪೈಸಾ ಆಯೇಗಾ ಬೇಟಾ” ಎಂದು ಹರಸಿದರು. ಅಂಗಾಲು ತುರಿಸಿದರೆ ಪ್ರಯಾಣವೆಂದು ಮಾವ ಊರಿನ ರೈಲಿನ ವೇಳೆ ನೋಡತೊಡಗಿದರು. ಮನೆ ತುಂಬ ನಗುವೇ ನಗು.

ಆ ನಗುವಿನ ನಡುವೆ ನಾನೊಬ್ಬಳು ಅಂಗೈಯನ್ನು ಬೆಳಕಿಗೆ ಹಿಡಿದು ಗುಳ್ಳೆ ಹುಡುಕುತ್ತಿದ್ದೆ. ಏಕೆಂದರೆ ತಮ್ಮನ್ನು ನಾನು ಮೊದಲೇ ನೋಡಿದ್ದೆ. ಹೋದ ಚಳಿಗಾಲದಲ್ಲಿ ತಾವು ನನ್ನ ಅಮ್ಮನ ಅಂಗೈಯಲ್ಲಿ ಕುಳಿತಿದ್ದಿರಿ. ಅಪ್ಪನ ಪೆನ್ಷನ್ನಿನಲ್ಲಿ ಬದುಕಿದ್ದ ಅಮ್ಮ ಬಾಚಣಿಗೆಯ ಹಲ್ಲಿನಿಂದ ಅಂಗೈ ಕೆರೆದುಕೊಳ್ಳುತ್ತ, “ಡಿಎ ಹೆಚ್ಚಿಸ್ತಾರೇನೋ ಕಣೇ” ಎಂದು ನಗುತ್ತಿದ್ದಳು. ಕಣ್ಣು ಹಳದಿಯಾಗಿ, ತಾವು ಪಿತ್ತಕೋಶದ ಕಡೆಯಿಂದ ಬಂದ ದೂತರೆಂದು ಡಾಕ್ಟರಿಗೆ ತಿಳಿಯುವಷ್ಟರಲ್ಲಿ ಅವರ ಕೈಯಲ್ಲಿ ಮಾಡುವುದೇನೂ ಉಳಿದಿರಲಿಲ್ಲ. ಡಿಎ ಹೆಚ್ಚಾಯಿತು, ನಿಜ. ಪಡೆಯಲು ಅಮ್ಮ ಇರಲಿಲ್ಲ.

ಹಾಗಾಗಿ ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಹೋದೆ. ಬಸುರಿಯರಿಗೆ ಇದು ಮಾಮೂಲೆಂದು ಡಾಕ್ಟರಮ್ಮ ಚೀಟಿ ಬರೆಯತೊಡಗಿದರು. ನಾನು ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟು, ಗುಳ್ಳೆ ಇಲ್ಲ, ಇಲ್ಲಿ ಮತ್ತು ಅಂಗಾಲಿನಲ್ಲಿ ಮಾತ್ರ ಎಂದೆ. ಅವರ ಪೆನ್ನು ನಿಂತಿತು. ರಕ್ತ ಪರೀಕ್ಷೆಯಾಯಿತು. ಪಿತ್ತ ಸರಿಯಾಗಿ ಹರಿಯದೆ ರಕ್ತಕ್ಕೆ ಸೇರುತ್ತಿದೆ, ಹೀಗೇ ಬಿಟ್ಟರೆ ಹೊಟ್ಟೆಯಲ್ಲಿರುವ ಮಗುವಿನ ಜೀವಕ್ಕೇ ಅಪಾಯ ಎಂದರು. ಮಾತ್ರೆ ಕೊಟ್ಟರು, ವಾರವಾರ ಬರಲು ಹೇಳಿದರು. ದಿನ ತುಂಬುವವರೆಗೆ ಕಾಯದೆ ಬರುವ ಸೋಮವಾರವೇ ಹೆರಿಗೆ ಮಾಡಿಸಲು ಈಗ ನಿಶ್ಚಯವಾಗಿದೆ.

ಆದ್ದರಿಂದ ಮಾನ್ಯರೇ, ತಮಗೆ ಕೃತಜ್ಞಳಾಗಿರಬೇಕೆಂದು ಎಲ್ಲರೂ ಹೇಳುತ್ತಾರೆ. ಆಗಿದ್ದೇನೆ. ನನ್ನ ದೂರು ಒಂದೇ: ಇಷ್ಟು ದೊಡ್ಡ ಸುದ್ದಿ ಹೊತ್ತು ಬರುವವರು ಇಷ್ಟು ಹಗುರವಾದ ವೇಷದಲ್ಲಿ ಏಕೆ ಬರುತ್ತೀರಿ? ನೋವಿನವರು ಬಾಗಿಲಿಗೆ ಬಂದರೆ ಮನೆಯವರೆಲ್ಲ ಎದ್ದು ನಿಲ್ಲುತ್ತಾರೆ. ತಾವು ಬಂದರೆ ನಗುತ್ತಾರೆ. ದಯವಿಟ್ಟು ಹೋದ ಚಳಿಗಾಲಕ್ಕೆ ಹಿಂದಿರುಗಿ, ಅಮ್ಮನ ಅಂಗೈಯಲ್ಲಿ ನೋವಿನವರ ವೇಷ ಧರಿಸಿ ಇನ್ನೊಮ್ಮೆ ಹಾಜರಾಗಬೇಕೆಂದು ಕೋರುತ್ತೇನೆ. ಅದಕ್ಕೆ ನಿಯಮಗಳಲ್ಲಿ ಅವಕಾಶವಿಲ್ಲವೆಂದಾದರೆ ಸೋಮವಾರದವರೆಗೆ ನನ್ನ ಅಂಗೈಯಲ್ಲೇ ಇದ್ದು, ಒಳಗಿರುವ ಪುಟ್ಟ ಜೀವದ ಗೊಡವೆಗೆ ಹೋಗದಿದ್ದರೆ ಸಾಕು.

ಉಗುರು ಒತ್ತಿ ಕತ್ತರಿಸಿಕೊಂಡು ಕಾದಿರುವ
ತಮ್ಮ ವಿಶ್ವಾಸಿ,
ಭವ್ಯಶ್ರೀ

ಮತ್ತೊಂದು ಮಾತು: ಸೋಮವಾರ ಮಗಳು ಹುಟ್ಟಿದಳು. ಗಟ್ಟಿಯಾಗಿ ಅತ್ತಳು. ಕೆಲವೇ ದಿನಗಳಲ್ಲಿ ತಾವು ಹೇಳದೆ ಕೇಳದೆ ಹೊರಟುಹೋದಿರಿ. ಬೀಳ್ಕೊಡುಗೆ ಏರ್ಪಡಿಸದಿದ್ದುದಕ್ಕೆ ನನಗೇನೂ ವಿಷಾದವಿಲ್ಲ. ಮುಂದಿನ ಬಸಿರಿನಲ್ಲೂ ತಾವು ದಯಮಾಡಿಸುವ ಸಂಭವ ಹೆಚ್ಚೆಂದು ಡಾಕ್ಟರಮ್ಮ ಹೇಳಿದ್ದಾರೆ. ಧಾರಾಳವಾಗಿ ಬನ್ನಿ. ಈ ಮನೆಯಲ್ಲಿ ಇನ್ನು ಮುಂದೆ ತಮ್ಮನ್ನು ನೋಡಿ ಯಾರೂ ನಗುವುದಿಲ್ಲ.