ಸರ್ಕಾರ ಕಟ್ಟಿಸಿಕೊಟ್ಟ ಕುಲುಮೆ

ಭೂಮಿ ನಡುಗಿದ್ದು ಒಂದು ಗಳಿಗೆ. ಅದರ ನಂತರದ ತಮಾಷೆ ಇನ್ನೂ ಮುಗಿದಿಲ್ಲ.

ಹೊಸನಗರದ ಕಡೆ ನಮ್ಮ ಊರು. ನಾವು ಕತ್ತಿ ಮಾಡುವವರು. ಆ ಬೇಸಿಗೆಯ ನಡುಕಕ್ಕೆ ನಾಲ್ಕು ಕುಲುಮೆ ಬಿದ್ದವು. ಒಂದು ನನ್ನದು. ದಸರಾ ಕಳೆದರೆ ಅಡಿಕೆ ಕೊಯ್ಲು. ಅಷ್ಟರೊಳಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕೊಡದಿದ್ದರೆ ಗಿರಾಕಿಗಳು ಪೇಟೆಗೆ ಹೋಗುತ್ತಾರೆ. ಹೋದವರು ವಾಪಸ್ ಬರುವುದಿಲ್ಲ.

೧. ಫೋಟೋ

ಬಿದ್ದ ಮರುದಿನವೇ ಮಣ್ಣು ತೆಗೆದು ಜಾಗ ಚೊಕ್ಕ ಮಾಡಿದೆ. ವಾರ ಬಿಟ್ಟು ನಷ್ಟ ಬರೆದುಕೊಳ್ಳಲು ಸಾಗರದಿಂದ ಸರ್ಕಾರಿ ಸಾಹೇಬರು ಬಂದರು.

"ಬಿದ್ದ ಕುಲುಮೆ ಎಲ್ಲಿ?"

"ತೆಗೆದೆ."

"ಯಾಕ್ರೀ ತೆಗೆದ್ರಿ? ಫೋಟೋ ಬೇಕಲ್ಲ!"

ಹೆಂಡತಿ ಒಳಗಿನಿಂದ ಕೂಗಿದಳು: "ಮಣ್ಣು ಹಿತ್ತಲಲ್ಲೇ ಉಂಟು. ತಂದು ಹರವಿ."

ಬುಟ್ಟಿಯಲ್ಲಿ ಹೊತ್ತು ತಂದು ಹರವಿದೆ. ಪಕ್ಕದಲ್ಲಿ ನಿಂತೆ.

"ಸ್ವಲ್ಪ ದುಃಖ ಕಾಣ್ಬೇಕು... ಹಾಂ, ಹೀಗೇ ಇರಿ!" ಅಂದರು.

ನಾನು ಏನೂ ಮಾಡಿರಲಿಲ್ಲ. ಅದು ನನ್ನ ಮಾಮೂಲು ಮುಖ.

೨. ಹೊಗೆ

ಕುಲುಮೆ ಬಿದ್ದ ನಾಲ್ವರಿಗೂ ಸೇರಿ ಸರ್ಕಾರದ ಒಂದು ಶೆಡ್ಡು ಎದ್ದಿತು. ಭೂಕಂಪಕ್ಕೆ ಜಗ್ಗುವುದಿಲ್ಲವಂತೆ. ಗೋಡೆ ಗಟ್ಟಿ, ನೆಲ ಗಟ್ಟಿ, ಮಾಡು ಗಟ್ಟಿ. ತೀರ್ಥಹಳ್ಳಿಯ ಹುಡುಗ ಎಂಜಿನಿಯರ್ ಹೆಮ್ಮೆಯಿಂದ ತೋರಿಸಿದ.

"ಹೊಗೆ ಎಲ್ಲಿಂದ ಹೋಗ್ತದೆ?" ಅಂತ ಕೇಳಿದೆ.

"ಯಾವ ಹೊಗೆ, ಅಜ್ಜ?"

ಅವನನ್ನು ಒಳಗೆ ಕೂರಿಸಿ ಕುಲುಮೆಗೆ ಬೆಂಕಿ ಹಚ್ಚಿದೆ. ಮರುದಿನ ಮಾಡಿಗೆ ಆರು ತೂತು ಬಿದ್ದವು. ನಾಲ್ಕು ಸಾಕಿತ್ತು.

೩. ಯಂತ್ರ

ಭೂಮಿಯ ನಡುಕ ಅಳೆಯುವ ಯಂತ್ರವೊಂದು ಬಂತು. ಊರಲ್ಲಿ ನಮ್ಮ ಶೆಡ್ಡಿಗಿಂತ ಗಟ್ಟಿ ನೆಲ ಇಲ್ಲವೆಂದು ಅದರ ಹಿಂದಿನ ಕೋಣೆಯಲ್ಲೇ ಇಟ್ಟರು. ಆಗಾಗ ಸಾಹೇಬರ ಕಡೆಯವರು ಬಂದು ಅದು ಬರೆದ ಗೆರೆ ನೋಡಿಕೊಂಡು ಹೋಗುತ್ತಿದ್ದರು. ನಾವು ನಮ್ಮ ಪಾಡಿಗೆ ಕತ್ತಿ ಬಡಿಯುತ್ತಿದ್ದೆವು.

ಕೊಯ್ಲಿಗೆ ಹದಿನೈದು ದಿನ ಇರುವಾಗ ಸಾಹೇಬರ ಜೀಪು ಮತ್ತೆ ಬಂತು. ಅವರ ಮುಖ ಬೆವರಿತ್ತು.

"ಶೆಡ್ಡು ಖಾಲಿ ಮಾಡ್ಬೇಕು. ಭೂಮಿ ದಿನಾ ನಡುಗ್ತಾ ಇದೆ. ಬೆಳಿಗ್ಗೆ ಎಂಟಕ್ಕೆ ಶುರು."

"ಆಗೋದಿಲ್ಲ" ಅಂದೆ. "ಕೊಯ್ಲು ಮುಗೀಲಿ."

"ಅಜ್ಜ, ಜೀವ ದೊಡ್ಡದು! ವಿಚಿತ್ರ ಅಂದ್ರೆ, ನಾವು ಬಂದ ಕೂಡ್ಲೇ ನಿಲ್ತದೆ. ಅಮಾವಾಸ್ಯೆ ದಿನ ಸುಳಿವೇ ಇಲ್ಲ. ಚಂದ್ರನಿಗೂ ಇದಕ್ಕೂ ಸಂಬಂಧ ಉಂಟು ಅಂತ ವರದಿ ಬರೆದಿದ್ದೀವಿ."

ಚಹಾ ತಂದ ಹೆಂಡತಿ ನಿಂತಳು.

"ಅಮಾಸೆಗೆ ಇವ್ರು ಯಾರೂ ಕುಲುಮೆ ಹಚ್ಚೋದಿಲ್ಲ ಮಾರಾಯ್ರೆ. ನೀವು ಬಂದ್ರೆ ಸುತ್ತಿಗೆ ಕೆಳಗಿಟ್ಟು ಎದ್ದು ನಿಲ್ತಾರೆ."

ಸಾಹೇಬರು ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತರು. ನಾನು ಸುತ್ತಿಗೆ ಎತ್ತಿ ಒಂದೇ ಏಟು ಹಾಕಿದೆ. ಯಂತ್ರದ ಗೆರೆ ಜಿಗಿಯಿತು. ಸಾಹೇಬರು ಗೆರೆ ನೋಡಿದರು, ನನ್ನನ್ನು ನೋಡಿದರು.

"ಇವ್ರೇ ನಿಮ್ಮ ಚಂದ್ರ" ಅಂದಳು ಹೆಂಡತಿ.

ಕೊಯ್ಲಿಗೆ ಕತ್ತಿ ಕೊಟ್ಟೆವು. ಒಬ್ಬ ಗಿರಾಕಿಯೂ ಪೇಟೆಗೆ ಹೋಗಲಿಲ್ಲ. ಯಂತ್ರವನ್ನು ಊರಿನ ಸರ್ಕಾರಿ ಕಚೇರಿಗೆ ಸಾಗಿಸಿದರು.

ಈಗ ಅದು ನೆಮ್ಮದಿಯಾಗಿದೆ. ಅಲ್ಲಿ ಏನೂ ಅಲುಗುವುದಿಲ್ಲ.